ಕುಂದಗೋಳದ ಗಂಟಲುಗಳು

ಧಾರವಾಡ ಜಿಲ್ಲೆಯ ಯಾವ ಹಳ್ಳಿಯ ಹೈಸ್ಕೂಲಿಗೆ ಬೇಕಾದರೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಿ, ಹುಡುಗರ ಸಾಲುಗಳನ್ನು ನೋಡಿ. ಮುಂದೆ ನಿಂತ ಎಂಟನೆಯ ತರಗತಿಯ ಸಣ್ಣ ಹುಡುಗರು ನಾಡಗೀತೆಯನ್ನು ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿರುತ್ತಾರೆ. ಹಿಂದೆ ನಿಂತ ಒಂಬತ್ತು, ಹತ್ತರ ಹುಡುಗರಲ್ಲಿ ಬಹಳಷ್ಟು ಮಂದಿಯ ತುಟಿ ಮಾತ್ರ ಅಲ್ಲಾಡುತ್ತದೆ, ದನಿ ಇಲ್ಲ. ಯಾರಾದರೂ ಒಬ್ಬ ಮೈಮರೆತು ಮೇಲಿನ ಸ್ವರಕ್ಕೆ ಹೋದನೋ, ಮಧ್ಯದಲ್ಲೇ ದನಿ ಸೀಳಿ ಕೀರಲಾಗುತ್ತದೆ. ಪಕ್ಕದವನು ಮೊಣಕೈಯಿಂದ ತಿವಿದು, “ಯಾಕಲೇ, ಗಂಟಲದಾಗ ಕಪ್ಪಿ ಕುಂತೈತೇನು?” ಅನ್ನುತ್ತಾನೆ. ಹುಡುಗಿಯರ ಸಾಲಿನಿಂದ ಕಿಸಕ್ಕನೆ ನಗು ಕೇಳಿಸುತ್ತದೆ. ಆ ಹುಡುಗ ಮುಂದೆ ಆ ವರ್ಷವಿಡೀ ಹಾಡುವುದಿಲ್ಲ. ಎಷ್ಟೋ ಸಲ ಜೀವಮಾನವಿಡೀ ಹಾಡುವುದಿಲ್ಲ.

ಇದನ್ನು ಸಣ್ಣ ಸಂಗತಿ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಬೆಳೆಯುವ ವಯಸ್ಸಿನ ದೇಹದಲ್ಲಿ ನಡೆಯುವ ಬದಲಾವಣೆಗಳಲ್ಲಿ ಹೆಚ್ಚಿನವನ್ನು ಬಟ್ಟೆಯಲ್ಲಿ ಮುಚ್ಚಬಹುದು. ದನಿಯನ್ನು ಮುಚ್ಚುವಂತಿಲ್ಲ. ಬಾಯಿ ತೆಗೆದರೆ ಸಾಕು, ಒಳಗೆ ಏನು ನಡೆದಿದೆ ಎಂಬುದು ಇಡೀ ಓಣಿಗೆ ಗೊತ್ತಾಗುತ್ತದೆ. ಹಾಗಾಗಿ ‘ಈ ದೇಹ ನನ್ನದೇನಾ?’ ಎಂಬ ಅನುಮಾನ ಹುಡುಗನಿಗೆ ಕನ್ನಡಿಯ ಮುಂದೆ ಬರುವುದಕ್ಕಿಂತ ಮೊದಲೇ ಕಿವಿಯ ಮೂಲಕ ಬರುತ್ತದೆ. ಅದನ್ನು ತಿಳಿಯುವುದಕ್ಕೆ ಕುಂದಗೋಳಕ್ಕಿಂತ ಒಳ್ಳೆಯ ಊರು ಸಿಗಲಾರದು. ಹುಬ್ಬಳ್ಳಿಯ ಮಗ್ಗುಲಲ್ಲಿರುವ, ಹತ್ತಿ, ಶೇಂಗಾ, ಮೆಣಸಿನಕಾಯಿ ಬೆಳೆಯುವ ಈ ಕರಿಮಣ್ಣಿನ ಊರು ಹಿಂದೂಸ್ತಾನಿ ಸಂಗೀತಕ್ಕೆ ಕೊಟ್ಟ ಗಂಟಲುಗಳಲ್ಲಿ ಕೆಲವು ಒಮ್ಮೆ ಒಡೆದು, ಆಮೇಲೆ ಕಟ್ಟಿಕೊಂಡವು.

ಮೊದಲು ಒಳಗೆ ಇರುವುದೇನು ಎಂದು ನೋಡೋಣ. 1854ರವರೆಗೆ ಬದುಕಿರುವ ಮನುಷ್ಯನ ಸ್ವರತಂತುಗಳು ಹಾಡುವಾಗ ಹೇಗೆ ಅಲ್ಲಾಡುತ್ತವೆ ಎಂಬುದನ್ನು ಸರಿಯಾಗಿ ಕಂಡು ಬರೆದವರಿರಲಿಲ್ಲ. ಅದನ್ನು ಕಂಡವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಿಸಿಮಾಡಿ ತನ್ನ ಗಂಟಲಿನ ಹಿಂಭಾಗಕ್ಕೆ ಇಟ್ಟುಕೊಂಡ. ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಬಾಯೊಳಗೆ ಹಾಯಿಸಿದ. ತೆರೆದು ಮುಚ್ಚುವ ಎರಡು ಬೆಳ್ಳಗಿನ ಮಡಿಕೆಗಳು ಕಂಡವು. ಮರುವರ್ಷ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ. ಇವತ್ತು ಕಿವಿ-ಮೂಗು-ಗಂಟಲಿನ ವೈದ್ಯರು ನಮ್ಮ ನಾಲಿಗೆ ಹಿಡಿದೆಳೆದು ಕನ್ನಡಿ ಇಟ್ಟು ನೋಡುವ ಕ್ರಮ ಹುಟ್ಟಿದ್ದು ಹಾಡುಗಾರನೊಬ್ಬ ತನ್ನ ದೇಹವನ್ನು ತಾನೇ ತಿಳಿಯಬೇಕೆಂದು ಹಟ ಹಿಡಿದದ್ದರಿಂದ.

ಆ ಮಡಿಕೆಗಳು ಧ್ವನಿಪೆಟ್ಟಿಗೆಯೊಳಗೆ ಶ್ವಾಸನಾಳದ ಬಾಯಿಗೆ ಅಡ್ಡವಾಗಿವೆ. ಉಸಿರು ಕೆಳಗಿನಿಂದ ಒತ್ತಿದಾಗ ಅವು ಸೆಕೆಂಡಿಗೆ ನೂರಾರು ಸಲ ಬಿಚ್ಚಿ ಕೂಡುತ್ತವೆ. ಹುಟ್ಟಿದ ಕೂಸು ಅಳುವಾಗ ಈ ಎಣಿಕೆ 400-500ರ ಹತ್ತಿರ. ಎಂಟು-ಹತ್ತು ವರ್ಷದ ಮಗುವಿನಲ್ಲಿ, ಹುಡುಗ ಆಗಲಿ ಹುಡುಗಿ ಆಗಲಿ, 250ರಿಂದ 300. ದೊಡ್ಡ ಹೆಂಗಸಿನ ಮಾತಿನಲ್ಲಿ ಸುಮಾರು 200, ಗಂಡಸಿನಲ್ಲಿ 100ರಿಂದ 130. ಪೇಟಿಯ ಲೆಕ್ಕದಲ್ಲಿ ಹೇಳುವುದಾದರೆ ಹುಡುಗನ ದನಿ ಹರೆಯದಲ್ಲಿ ಒಂದು ಪೂರ್ತಿ ಸಪ್ತಕ ಕೆಳಗಿಳಿಯುತ್ತದೆ. ಹುಡುಗಿಯ ದನಿಯೂ ಇಳಿಯುತ್ತದೆ, ಆದರೆ ಎರಡು-ಮೂರು ಮನೆಯಷ್ಟೇ.

ಯಾಕೆ ಇಳಿಯುತ್ತದೆ? ತಂಬೂರಿಯ ನಾಲ್ಕು ತಂತಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನಡುವಿನ ಜೋಡಿ ತಂತಿಗೂ ಕೊನೆಯ ಖರ್ಜದ ತಂತಿಗೂ ಉದ್ದದಲ್ಲಿ ವ್ಯತ್ಯಾಸವಿಲ್ಲ, ಖರ್ಜದ್ದು ದಪ್ಪ. ಅಷ್ಟರಿಂದಲೇ ಅದು ಒಂದು ಸಪ್ತಕ ಕೆಳಗೆ ಮಿಡಿಯುತ್ತದೆ. ಗಂಟಲಿನಲ್ಲಿ ದಪ್ಪವೂ ಹೆಚ್ಚುತ್ತದೆ, ಉದ್ದವೂ ಹೆಚ್ಚುತ್ತದೆ. ವೃಷಣಗಳಲ್ಲಿ ಹುಟ್ಟುವ ಟೆಸ್ಟೊಸ್ಟೆರಾನ್ ಹಾರ್ಮೋನು ಹುಡುಗನ ರಕ್ತದಲ್ಲಿ ಬಾಲ್ಯದ ಪ್ರಮಾಣದ ಇಪ್ಪತ್ತು ಪಟ್ಟಿಗೂ ಮೇಲೆ ಏರುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಅದಕ್ಕೆ ಬೇಗ ಓಗೊಡುತ್ತದೆ. ಮುಂಭಾಗದ ಎರಡು ಹಲಗೆಗಳು ಕೂಡುವ ಕೋನ ಹೆಂಗಸರಲ್ಲಿ ಸುಮಾರು 120 ಡಿಗ್ರಿ ಇದ್ದರೆ ಗಂಡಸರಲ್ಲಿ 90ಕ್ಕೆ ಇಳಿದು ಮೊನಚಾಗುತ್ತದೆ. ಕುತ್ತಿಗೆಯ ಮುಂದೆ ಉಬ್ಬಿ, ನೀರು ನುಂಗುವಾಗ ಮೇಲೆ ಕೆಳಗೆ ಆಡುವ ಗಂಟು ಇದೇ. ಬೆಳೆದ ಗಂಡಸಿನ ಸ್ವರತಂತು 17ರಿಂದ 25 ಮಿಲಿಮೀಟರ್, ಹೆಂಗಸಿನದು 12ರಿಂದ 17. ಇಷ್ಟು ಪುಟ್ಟ ಅಂತರದ ಮೇಲೆ ನಾವು ‘ಗಂಡು ದನಿ’, ‘ಹೆಣ್ಣು ದನಿ’ ಎಂದು ಎಷ್ಟು ದೊಡ್ಡ ಲೋಕವನ್ನು ಕಟ್ಟಿಕೊಂಡಿದ್ದೇವೆ!

ಜಪಾನಿನ ಮಿನೊರು ಹಿರಾನೊ 1970ರ ದಶಕದಲ್ಲಿ ಸ್ವರತಂತುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇನ್ನೊಂದು ಸಂಗತಿ ತೋರಿಸಿದರು. ಅದು ಒಂದೇ ಪದರದ ವಸ್ತುವಲ್ಲ. ಒಳಗೆ ಸ್ನಾಯು, ಅದರ ಮೇಲೆ ಗಟ್ಟಿ ಎಳೆಗಳ ಪದರಗಳು, ಎಲ್ಲಕ್ಕೂ ಮೇಲೆ ಲೋಳೆಯಂಥ ಮೆತ್ತನೆಯ ಹೊದಿಕೆ. ಹುಟ್ಟುವಾಗ ನಡುವಿನ ಗಟ್ಟಿ ಎಳೆಗಳು ಇನ್ನೂ ಮೂಡಿರುವುದಿಲ್ಲ. ಅವು ಬಾಲ್ಯದಲ್ಲಿ ಮೂಡಿ, ಹರೆಯ ಮುಗಿಯುವ ಹೊತ್ತಿಗೆ ಪೂರ್ತಿಯಾಗುತ್ತವೆ. ಅಂದರೆ ಹದಿನಾಲ್ಕರ ಹುಡುಗ ತನ್ನ ಹಳೆಯ ವಾದ್ಯವನ್ನು ಕಳೆದುಕೊಂಡಿರುತ್ತಾನೆ, ಹೊಸ ವಾದ್ಯ ಇನ್ನೂ ತಯಾರಾಗುತ್ತಲೇ ಇರುತ್ತದೆ. ಇಂಥ ವಾದ್ಯದಲ್ಲಿ ಹಾಡು ಅನ್ನುತ್ತೇವೆ, ಸೀಳಿದರೆ ನಗುತ್ತೇವೆ.

ಆದರೆ ದನಿ ಸೀಳುವುದಕ್ಕೆ ಗಂಟಲೊಂದೇ ಕಾರಣವಲ್ಲ. ಮಿದುಳಿನ ಪಾಲೂ ಇದೆ, ಈ ಅಧ್ಯಾಯದ ತಿರುಳು ಇರುವುದೂ ಅಲ್ಲೇ. ನಮ್ಮ ಮಿದುಳು ದೇಹದ ಒಂದು ನಕ್ಷೆಯನ್ನು ಸದಾ ಇಟ್ಟುಕೊಂಡಿರುತ್ತದೆ: ಕೈ ಎಷ್ಟು ಉದ್ದ, ಪಾದ ಎಲ್ಲಿಗೆ ಮುಗಿಯುತ್ತದೆ, ಯಾವ ಸ್ನಾಯುವನ್ನು ಎಷ್ಟು ಬಿಗಿದರೆ ಯಾವ ಸ್ವರ ಬರುತ್ತದೆ. ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ ಎಂಬ ಇಂಗ್ಲೆಂಡಿನ ನರವೈದ್ಯರು 1911ರಲ್ಲಿ ಇಂಥ ನಕ್ಷೆಯ ಬಗ್ಗೆ ವಿವರವಾಗಿ ಬರೆದರು. 1935ರಲ್ಲಿ ಪೌಲ್ ಶಿಲ್ಡರ್ ಎಂಬ ಮನೋವೈದ್ಯ ಅದಕ್ಕೆ ಇನ್ನೊಂದು ಮಾತು ಸೇರಿಸಿದ. ಮನಸ್ಸಿನಲ್ಲಿರುವ ದೇಹದ ಚಿತ್ರ ಬರೀ ನರಗಳಿಂದ ಆದದ್ದಲ್ಲ, ಸುತ್ತಲಿನವರ ನೋಟ, ಮಾತು, ನಗುವೂ ಅದರಲ್ಲಿ ಕೂಡಿಕೊಂಡಿರುತ್ತವೆ ಎಂದ.

ಹರೆಯದಲ್ಲಿ ದೇಹ ಈ ನಕ್ಷೆಗಿಂತ ಮುಂದೆ ಓಡುತ್ತದೆ. ಹುಡುಗಿಯರಲ್ಲಿ ಹನ್ನೆರಡರ ಆಸುಪಾಸು, ಹುಡುಗರಲ್ಲಿ ಹದಿನಾಲ್ಕರ ಆಸುಪಾಸು ಎತ್ತರ ಅತಿ ವೇಗವಾಗಿ ಏರುತ್ತದೆ. ಹುಡುಗರು ಆ ಒಂದೇ ವರ್ಷದಲ್ಲಿ 9-10 ಸೆಂಟಿಮೀಟರ್ ಬೆಳೆಯುವುದುಂಟು. ಅದೂ ಎಲ್ಲ ಭಾಗ ಒಟ್ಟಿಗೆ ಅಲ್ಲ. ಮೊದಲು ಪಾದ, ಅಂಗೈ, ಆಮೇಲೆ ಕಾಲು, ಕೈ, ಕಡೆಗೆ ಮುಂಡ. ಜೂನ್‌ನಲ್ಲಿ ಕೊಂಡ ಚಪ್ಪಲಿ ದೀಪಾವಳಿಗೆ ಹಿಡಿಸುವುದಿಲ್ಲ. ಊಟಕ್ಕೆ ಕುಳಿತವನು ಉಪ್ಪಿಗೆ ಕೈಚಾಚಿದರೆ ನೀರಿನ ತಂಬಿಗೆ ಉರುಳುತ್ತದೆ. “ಕಣ್ಣು ಎಲ್ಲಿಟ್ಟೀಯೋ?” ಎಂದು ತಾಯಿ ಬೈಯುತ್ತಾಳೆ. ಕಣ್ಣು ಸರಿಯಾಗೇ ಇದೆ, ಕೈ ಮಾತ್ರ ಮಿದುಳು ಅಂದುಕೊಂಡದ್ದಕ್ಕಿಂತ ಮುಂದಕ್ಕೆ ಹೋಗಿ ತಾಗಿದೆ.

ಗಂಟಲಿನಲ್ಲೂ ಇದೇ. ಮಿದುಳು ಹಳೆಯ ಅಭ್ಯಾಸದಂತೆ ಸ್ನಾಯುವಿಗೆ ಆಜ್ಞೆ ಕೊಡುತ್ತದೆ, ತಂತು ಮಾತ್ರ ಹೊಸದು. ಬಯಸಿದ ಸ್ವರವೇ ಬೇರೆ, ಬಂದ ಸ್ವರವೇ ಬೇರೆ. ಕಿವಿ ಆ ತಪ್ಪನ್ನು ಹಿಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟರಲ್ಲೇ ತಿದ್ದಲು ಹೇಳುತ್ತದೆ. ಹಾಡುವವರ ಕಿವಿಗೆ ಯಂತ್ರದ ಮೂಲಕ ಅವರದೇ ದನಿಯನ್ನು ತುಸು ಏರಿಸಿ ಕೇಳಿಸಿದರೆ, ಅವರು ಗೊತ್ತಿಲ್ಲದೆಯೇ ದನಿಯನ್ನು ಇಳಿಸುತ್ತಾರೆ ಎಂಬುದು ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಕೇಳುವುದು, ತಿದ್ದುವುದು, ಮತ್ತೆ ಕೇಳುವುದು, ಮತ್ತೆ ತಿದ್ದುವುದು. ನಕ್ಷೆ ಹೊಸದಾಗುವುದು ಹೀಗೆ. ಇದಕ್ಕೆ ದನಿ ಹೊರಗೆ ಬರಲೇಬೇಕು. ನಾಚಿಕೆಯಿಂದ ತುಟಿ ಮಾತ್ರ ಆಡಿಸುವ ಹುಡುಗ ನಗೆಯಿಂದ ತಪ್ಪಿಸಿಕೊಳ್ಳುತ್ತಾನೆ ನಿಜ, ಆದರೆ ಮಿದುಳಿಗೆ ತಿದ್ದಿಕೊಳ್ಳಲು ಬೇಕಾದ ಸರಕೇ ಸಿಗುವುದಿಲ್ಲ.

ಈಗ ಮೊಬೈಲು ಬಂದು ಇನ್ನೊಂದು ಕಸಿವಿಸಿ ಕೂಡಿದೆ. ವಾಟ್ಸಾಪಿನಲ್ಲಿ ತಾನು ಕಳಿಸಿದ ದನಿಯನ್ನು ತಾನೇ ಕೇಳಿ, “ಇದು ನನ್ನ ದನಿ ಅಲ್ಲ” ಅನ್ನದವರು ಅಪರೂಪ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯ ಮೂಲಕ ಒಂದಿಷ್ಟು, ತಲೆಯ ಎಲುಬಿನ ಮೂಲಕ ಒಂದಿಷ್ಟು ನಮ್ಮ ಕಿವಿಯನ್ನು ಮುಟ್ಟುತ್ತದೆ. ಎಲುಬಿನ ದಾರಿ ಕೆಳಗಿನ ಸ್ವರಗಳಿಗೆ ತುಂಬು ಕೊಡುತ್ತದೆ. ಕಿವಿಯ ಮೇಲಿನ ಕೆಲಸಕ್ಕೆ 1961ರಲ್ಲಿ ನೊಬೆಲ್ ಪಡೆದ ಗೆಯೊರ್ಗ್ ಫಾನ್ ಬೆಕೆಸಿ 1949ರಷ್ಟು ಹಿಂದೆಯೇ ಇದನ್ನು ಅಳೆದು ತೋರಿಸಿದ್ದರು. ರೆಕಾರ್ಡಿನಲ್ಲಿ ಎಲುಬಿನ ಪಾಲು ಇರುವುದಿಲ್ಲ, ಆದ್ದರಿಂದ ದನಿ ತೆಳ್ಳಗೆ, ಪರಕೀಯವಾಗಿ ಕೇಳುತ್ತದೆ. ಊರಿನವರೆಲ್ಲ ಕೇಳುವ ನಮ್ಮ ದನಿ ಅದೇ. ನಮಗೆ ಮಾತ್ರ ಅದು ಅಪರಿಚಿತ. ಹೊಸ ಗಂಟಲಿಗೇ ಇನ್ನೂ ಒಗ್ಗದ ಹುಡುಗನಿಗೆ ಇದು ಎರಡನೆಯ ಪೆಟ್ಟು. ಕಾರಣ ಹೇಳಿಕೊಟ್ಟರೆ ಆ ಪೆಟ್ಟು ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ಕುಂದಗೋಳದ ಕಥೆ. ಅಲ್ಲಿಯ ನಾಡಿಗೇರ ಮನೆತನದಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಗಣೇಶ ಸೌಂಶಿಯವರ ಮಗ ರಾಮಚಂದ್ರ. 1886ರಲ್ಲಿ ಹುಟ್ಟಿದವರು, ಮನೆಯವರಿಗೆ ರಾಮಭಾವು. ಚಿಕ್ಕಂದಿನಲ್ಲಿ ಇಂಪಾಗಿದ್ದ ದನಿ ಹರೆಯ ಬಂದಾಗ ಒರಟಾಗಿ, ಹೇಳಿದಂತೆ ಕೇಳದೆ ಹೋಯಿತು ಎಂದು ಅವರ ಬಗ್ಗೆ ಬಲ್ಲವರು ಹೇಳುತ್ತ ಬಂದಿದ್ದಾರೆ. ಅಷ್ಟರಲ್ಲಿ ಸಿಕ್ಕ ಗುರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಆಮೇಲಿನದು ವರ್ಷಗಟ್ಟಲೆಯ ಸಾಧನೆ. ಖರ್ಜದಲ್ಲಿ ಒಂದೇ ಸ್ವರ ಹಿಡಿದು ಉಸಿರು ಮುಗಿಯುವ ತನಕ ನಿಲ್ಲುವುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರುವುದು. ಕಿರಾನಾದವರ ಈ ಸ್ವರಾಭ್ಯಾಸವನ್ನು ಶರೀರಶಾಸ್ತ್ರದ ಕಣ್ಣಿನಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಹೊಸ ತಂತುವಿನ ಪ್ರತಿ ಬಿಗಿತಕ್ಕೂ ಯಾವ ಸ್ವರ ಎಂಬುದನ್ನು ಮಿದುಳಿಗೆ ಮತ್ತೆ ಬರೆದುಕೊಡುವ ಕೆಲಸ ಅದು, ನಿಧಾನವಾಗಿ, ಒಂದೊಂದೇ ಮನೆ ದಾಟುತ್ತ. ಮುಂದೆ ಅದೇ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳಿಗೆ ಹೆಸರಾದರು, ‘ಸೌಭದ್ರ’ ನಾಟಕದ ಸುಭದ್ರೆಯಾದರು, ‘ಸವಾಯಿ ಗಂಧರ್ವ’ ಎಂಬ ಬಿರುದು ಪಡೆದರು. ಒಡೆದ ಗಂಡು ಗಂಟಲು ಪಳಗಿದ ಮೇಲೆ ಜನ ಅದರಲ್ಲಿ ಹೆಣ್ಣಿನ ಅಳಲನ್ನು ಕೇಳಿ ಒಪ್ಪಿದರು.

1936ರಲ್ಲಿ ಗದಗದ ಕಡೆಯ ಹುಡುಗನೊಬ್ಬ ಈ ಗುರುವಿನ ಮನೆಗೆ ಬಂದ, ಭೀಮಸೇನ ಜೋಶಿ. ಹುಟ್ಟಿದ್ದು 1922ರ ಫೆಬ್ರವರಿ, ಅಂದರೆ ಬಂದಾಗ ವಯಸ್ಸು ಹದಿನಾಲ್ಕು. ಮೊದಲ ದಿನಗಳಲ್ಲಿ ಪಾಠಕ್ಕಿಂತ ನೀರು ಹೊರುವ, ಮನೆಗೆಲಸ ಮಾಡುವ ಪಾಲೇ ಹೆಚ್ಚಾಗಿತ್ತು ಎಂಬುದು ಧಾರವಾಡ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಶಿಷ್ಯನ ಹಟವನ್ನು ಪರೀಕ್ಷಿಸುವುದು ಹಳೆಯ ಗುರುಗಳ ರೀತಿಯೇ. ಆದರೂ ಹದಿನಾಲ್ಕು ಎಂಬ ಆ ಅಂಕಿಯ ಮೇಲೆ ನನ್ನ ಕಣ್ಣು ನಿಲ್ಲುತ್ತದೆ. ಗಂಟಲು ಅತಿ ವೇಗವಾಗಿ ಬೆಳೆಯುವ ವಯಸ್ಸು ಅದು. ಆಗ ಮೇಲಿನ ಸಪ್ತಕಕ್ಕೆ ಹತ್ತಿಸಿ ದುಡಿಸದೆ ಇರುವುದು, ಬಿಂದಿಗೆ ಹೊತ್ತು ಎದೆ ಮತ್ತು ಹೊಟ್ಟೆಯ ಸ್ನಾಯು ಗಟ್ಟಿಯಾಗುವುದು, ದಿನವಿಡೀ ಒಳ್ಳೆಯ ಸಂಗೀತ ಕಿವಿಗೆ ಬೀಳುವುದು, ಇವೆಲ್ಲ ಆ ದೇಹಕ್ಕೆ ಒಳ್ಳೆಯದನ್ನೇ ಮಾಡಿರಬೇಕು.

ದನಿ ಒಡೆಯುವಾಗ ಹಾಡಬೇಕೋ ಬೇಡವೋ ಎಂಬ ಜಗಳ ಹಳೆಯದು. ಗಂಟಲಿನ ಕನ್ನಡಿ ಕಂಡುಹಿಡಿದ ಗಾರ್ಸಿಯಾ ಹಾಡಲೇಬಾರದು ಎನ್ನುವ ಪಕ್ಷ. ನಂತರದ ಕೆಲಸ ಅವನ ಮಾತನ್ನು ಒಪ್ಪಲಿಲ್ಲ. ಅಮೆರಿಕದ ಜಾನ್ ಕುಕ್ಸಿ 1970ರ ದಶಕದಲ್ಲಿ ಶಾಲಾ ಹುಡುಗರ ದನಿ ಹಂತಹಂತವಾಗಿ ಹೇಗೆ ಇಳಿಯುತ್ತದೆ ಎಂಬುದನ್ನು ಗುರುತಿಸಿ, ಆಯಾ ಹಂತದಲ್ಲಿ ಸಲೀಸಾಗಿ ಸಿಗುವ ಸ್ವರಗಳಷ್ಟರಲ್ಲೇ ಹಾಡಿಸಬಹುದು ಎಂದರು. ನಮ್ಮ ಹಳ್ಳಿಯ ಭಜನಾ ಮೇಳದ ಪೇಟಿ ಮಾಸ್ತರರಲ್ಲಿ ಅನುಭವಿಗಳು ಇದನ್ನು ಓದದೆಯೇ ಮಾಡುತ್ತಾರೆ. ಹುಡುಗನ ಗಂಟಲು ಒಡೆಯಿತೆಂದರೆ ಅವನನ್ನು ಮುಮ್ಮೇಳದಿಂದ ಹಿಮ್ಮೇಳಕ್ಕೆ ತಂದು, ಕೈಗೆ ತಾಳ ಕೊಟ್ಟು, ಕೆಳಗಿನ ಶ್ರುತಿಯಲ್ಲಿ ಸೊಲ್ಲು ಹೇಳಿಸುತ್ತಾರೆ. ಹುಡುಗ ಮೇಳ ಬಿಟ್ಟುಹೋಗುವುದಿಲ್ಲ.

ದನಿ ಯಾವ ವಯಸ್ಸಿಗೆ ಒಡೆಯುತ್ತದೆ ಎಂಬುದರಲ್ಲಿ ಊಟದ ಕಥೆಯೂ ಅಡಗಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಂಗೀತಗಾರ ಬಾಖ್ 1727ರಿಂದ 1749ರವರೆಗೆ ಹಾಡಿಸಿದ ಹುಡುಗರ ದಾಖಲೆಗಳನ್ನು 1970ರಲ್ಲಿ ಒಬ್ಬ ಸಂಶೋಧಕ ಲೆಕ್ಕಹಾಕಿ ನೋಡಿದ. ಆ ಹುಡುಗರ ದನಿ ಒಡೆಯುತ್ತಿದ್ದುದು ಹದಿನಾರು, ಹದಿನೇಳಕ್ಕೆ. ನಡುವೆ ಯುದ್ಧ ಬಂದು ಅನ್ನಕ್ಕೆ ತತ್ವಾರವಾದ ವರ್ಷಗಳಲ್ಲಿ ಅದು ಇನ್ನೂ ತಡವಾಗಿತ್ತು. ಹೊಟ್ಟೆಗೆ ಸಾಲದಿದ್ದರೆ ದೇಹ ಹರೆಯವನ್ನು ಮುಂದೂಡುತ್ತದೆ. ಹುಡುಗಿಯರ ಮೊದಲ ಮುಟ್ಟಿಗೂ ಇದೇ ಮಾತು. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹದಿನಾರರ ಆಚೆಗಿದ್ದದ್ದು ಈಗ ಹದಿಮೂರರ ಸುಮಾರಿಗೆ ಬಂದಿದೆ. “ಈಗಿನ ಹುಡುಗ್ರು ಲಗೂನ ದೊಡ್ಡವರಾಗತಾರ” ಎಂದು ನವಲಗುಂದದ ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುವಾಗ ಅದರಲ್ಲಿ ತುಸು ದೂರು ಇರುತ್ತದೆ. ಬಹುಪಾಲು ಅದು ದೂರಬೇಕಾದದ್ದಲ್ಲ. ಹೊಟ್ಟೆ ತುಂಬ ಉಂಡ, ಸಣ್ಣಂದಿನಲ್ಲಿ ಬೇನೆಬೇಸರಿಕೆ ಕಡಿಮೆ ಕಂಡ ದೇಹ ಬೇಗ ಮಾಗುತ್ತದೆ. ಒಂದೇ ತರಗತಿಯಲ್ಲಿ ಮೀಸೆ ಚಿಗುರಿದವನೂ ಇನ್ನೂ ಮಗುವಿನಂತಿರುವವನೂ ಅಕ್ಕಪಕ್ಕ ಕುಳಿತಿರುವುದಕ್ಕೆ ಅನುವಂಶೀಯತೆ, ಊಟ, ಆರೋಗ್ಯ ಎಲ್ಲವೂ ಕಾರಣ. ಹುಡುಗರಲ್ಲಿ ಒಂಬತ್ತರಿಂದ ಹದಿನಾಲ್ಕರವರೆಗೆ, ಹುಡುಗಿಯರಲ್ಲಿ ಎಂಟರಿಂದ ಹದಿಮೂರರವರೆಗೆ ಯಾವಾಗ ಶುರುವಾದರೂ ಅದು ಸಹಜವೇ.

ಹುಡುಗರು ಯಾರಿಗೂ ಹೇಳದ ಇನ್ನೊಂದು ಸಂಗತಿ ಇದೆ. ಹರೆಯದ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಎದೆಯ ತೊಟ್ಟಿನ ಕೆಳಗೆ ಗಟ್ಟಿ ಗಂಟು ಎದ್ದು, ಮುಟ್ಟಿದರೆ ನೋಯುತ್ತದೆ. ಹಾರ್ಮೋನುಗಳ ಏರಿಳಿತದಿಂದ ಆಗುವ ಇದು ಬಹುತೇಕರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಇದು ಗೊತ್ತಿಲ್ಲದ ಹುಡುಗ ಹೊಲದಲ್ಲಿ ಅಂಗಿ ಬಿಚ್ಚುವುದಿಲ್ಲ, ಬೆಣ್ಣೆಹಳ್ಳದಲ್ಲಿ ಗೆಳೆಯರ ಜೊತೆ ಈಜುವುದಿಲ್ಲ, ತನಗೇನೋ ಕೆಟ್ಟದ್ದಾಗಿದೆ ಎಂದು ರಾತ್ರಿ ನಿದ್ದೆಗೆಡುತ್ತಾನೆ. ವಿಜ್ಞಾನದ ಪಾಠದಲ್ಲಿ ಎರಡು ವಾಕ್ಯ ಹೇಳಿದರೆ ಮುಗಿಯುವ ಸಂಕಟ ಇದು.

ಹುಡುಗಿಯರ ದನಿ ಮೂರು ಮನೆ ಇಳಿದದ್ದನ್ನು ಯಾರೂ ಗಮನಿಸುವುದಿಲ್ಲ. ಅವರ ಮೈಯ ಮಿಕ್ಕೆಲ್ಲವನ್ನೂ ಎಲ್ಲರೂ ಗಮನಿಸುತ್ತಾರೆ. ‘ದೊಡ್ಡಾಕಿ ಆದಳು’ ಎಂಬ ಸುದ್ದಿ ಓಣಿ ತುಂಬುತ್ತದೆ. ಹಸೆಯ ಮೇಲೆ ಕೂರಿಸಿ ಆರತಿ ಮಾಡುತ್ತಾರೆ, ಕೊಬ್ಬರಿ, ಬೆಲ್ಲ, ಉತ್ತತ್ತಿ, ಅಂಟಿನುಂಡಿ ತಿನ್ನಿಸುತ್ತಾರೆ. ಆ ಉಂಡಿಯ ಬಗ್ಗೆ ನನಗೆ ಗೌರವವಿದೆ. ರಕ್ತ ಹೋಗಲು ಶುರುವಾದ ದೇಹಕ್ಕೆ ಪುಷ್ಟಿ ಬೇಕು ಎಂದು ಅಜ್ಜಿಯರು ಸರಿಯಾಗೇ ಕಂಡಿದ್ದರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯ ಹಿಂದೆ ಇರುವುದೂ ಅದೇ ಕಾಳಜಿ. ಮೊದಲ ಮುಟ್ಟಿನ ಹೊತ್ತಿಗೆ ಎತ್ತರದ ದೊಡ್ಡ ಜಿಗಿತ ಮುಗಿದಿರುತ್ತದೆ, ಆಮೇಲೆ ಸಾಮಾನ್ಯವಾಗಿ ಐದಾರು ಸೆಂಟಿಮೀಟರಷ್ಟೇ ಬಾಕಿ. ಸೊಂಟ ಮತ್ತು ತೊಡೆಯಲ್ಲಿ ಕೊಬ್ಬು ಸೇರುವುದು ಆ ವಯಸ್ಸಿನ ನಿಯಮ, ತಿಂದದ್ದು ಹೆಚ್ಚಾಯಿತು ಎಂಬುದರ ಗುರುತಲ್ಲ. ಇದರ ಜೊತೆಗೇ ಇನ್ನೊಂದು ಪಾಠ ಶುರುವಾಗುತ್ತದೆ: “ದನಿ ತಗ್ಗಿಸಿ ಮಾತಾಡವಾ, ಹೊರಗ ಮಂದಿ ಅದಾರ.” ಹುಡುಗನ ಗಂಟಲನ್ನು ಹಾರ್ಮೋನು ಬದಲಿಸುತ್ತದೆ, ಹುಡುಗಿಯ ದನಿಯನ್ನು ಮನೆ ಬದಲಿಸುತ್ತದೆ. ಹೀಗೆ ತಗ್ಗಿಸಿಕೊಂಡ ದನಿ ಎಷ್ಟೋ ಹೆಣ್ಣುಮಕ್ಕಳಿಗೆ ಗ್ರಾಮಸಭೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಬೇಕಾದಾಗ ಮೇಲೇಳುವುದಿಲ್ಲ.

ಗಂಗೂಬಾಯಿ ಹಾನಗಲ್ಲರ ದನಿ ನನಗೆ ಇಷ್ಟೊಂದು ದೊಡ್ಡದಾಗಿ ಕೇಳುವುದು ಈ ಕಾರಣಕ್ಕೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದಾಗ ಹನ್ನೊಂದರ ಬಾಲೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ಕಂಪನಿಯ ತಟ್ಟೆಗಳಿಗೆ ಹಾಡಿದರು. ಆ ರೆಕಾರ್ಡುಗಳು ಇವತ್ತೂ ಸಿಗುತ್ತವೆ. ಕೇಳಿ ನೋಡಿ, ತೆಳುವಾದ, ಚೂಪಾದ, ಮೇಲಿನ ಶ್ರುತಿಯ ಹೆಣ್ಣು ದನಿ. ಅದೇ ದಶಕದ ಕೊನೆಯಲ್ಲಿ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಒಂಟಿ ಹೆಂಗಸು ದಿನಾ ರೈಲಿನಲ್ಲಿ ಓಡಾಡುತ್ತಾಳೆಂದು ಆಡಿಕೊಂಡ ಮಂದಿಗೇನೂ ಕೊರತೆಯಿರಲಿಲ್ಲ.

ಆಮೇಲೆ ದನಿ ಬದಲಾಯಿತು. ಟಾನ್ಸಿಲ್ ತೊಂದರೆಗೆ ಮಾಡಿಸಿಕೊಂಡ ಚಿಕಿತ್ಸೆಯ ನಂತರ ಅದು ಇಳಿದು ಗಡಸಾಯಿತು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಟಾನ್ಸಿಲ್ ಇರುವುದು ನಾಲಿಗೆಯ ಬುಡದ ಎರಡೂ ಬದಿಗೆ, ಸ್ವರತಂತು ಅದಕ್ಕಿಂತ ಸಾಕಷ್ಟು ಕೆಳಗೆ. ಟಾನ್ಸಿಲಿನ ಜಾಗ ಬದಲಾದರೆ ದನಿಯ ಅನುರಣನ ಬದಲಾಗಬಹುದು. ಶ್ರುತಿ ಇಳಿಯುವುದು ತಂತುವಿನ ತೂಕ ಹೆಚ್ಚಿದಾಗ, ಅಂದರೆ ಅದು ಊದಿಕೊಂಡಾಗ, ಉರಿಯೂತ ನಿಂತುಬಿಟ್ಟಾಗ, ಅಥವಾ ಥೈರಾಯ್ಡ್‌ನಂಥ ಗ್ರಂಥಿಗಳ ಕೆಲಸ ತಪ್ಪಿದಾಗ. ಹಾಡುವುದನ್ನೇ ಬದುಕು ಮಾಡಿಕೊಂಡ, ಮನೆಯ ಭಾರ ಹೊತ್ತ ಹೆಂಗಸಿಗೆ ಮೂವತ್ತರ ಹರೆಯದಲ್ಲಿ ಹೀಗಾದರೆ ಏನಾಗಬೇಕು? ಹುಡುಗನಿಗಾದರೆ ಪ್ರಕೃತಿಯ ನಿಯಮ ಎಂಬ ಸಮಾಧಾನವಾದರೂ ಇದೆ. ಹೆಣ್ಣಿಗೆ ಅದೂ ಇಲ್ಲ.

ಗಂಗೂಬಾಯಿ ಹಳೆಯ ದನಿಯ ಬೆನ್ನು ಹತ್ತಲಿಲ್ಲ. ಶ್ರುತಿಯನ್ನು ಇಳಿಸಿಕೊಂಡರು. ತೆಳು ದನಿಗೆ ಹೊಂದುವ ಚುರುಕು ಹಾಡುಗಾರಿಕೆ ಹಿಂದಕ್ಕೆ ಸರಿಯಿತು. ಮಂದ್ರದಲ್ಲಿ ನಿಂತು ಒಂದೊಂದೇ ಸ್ವರವನ್ನು ತೂಗಿ ಇಡುವ ವಿಲಂಬಿತ ಖಯಾಲು ಅವರದಾಯಿತು. ಹಿಂದೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ ಹಾನಗಲ್ಲರ ಹಗುರ ದನಿಗೂ ತಾಯಿಯ ದನಿಗೂ ಇರುವ ಅಂತರವನ್ನು ಧ್ವನಿಮುದ್ರಣಗಳಲ್ಲಿ ಸ್ಪಷ್ಟವಾಗಿ ಕೇಳಬಹುದು. ಹೊಸಬರು ರೇಡಿಯೋದಲ್ಲಿ ಕೇಳಿ ಗಂಡಸು ಎಂದುಕೊಳ್ಳುವಂಥ ಆ ಗಂಟಲಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈಯಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ಅವರ ಇಚ್ಛೆಯಂತೆ ದಾನ ಮಾಡಲಾಯಿತು. ತೊಂಬತ್ತಾರು ವರ್ಷದ ಆ ದೇಹ ಒಂದೇ ಬಾಳಿನಲ್ಲಿ ಮೂರು ದನಿ ಕಂಡಿತ್ತು. ಮೂರರಲ್ಲಿ ನಾಡು ನೆನಪಿಟ್ಟುಕೊಂಡದ್ದು ‘ಹೆಣ್ಣಿಗೆ ಸಲ್ಲದ್ದು’ ಎಂದು ಕೆಲವರು ಮೂಗು ಮುರಿದ ದನಿಯನ್ನು.

ಇದೇ ಸೀಮೆಯ ಜೋಗಪ್ಪಗಳ ಮಾತನ್ನೂ ಇಲ್ಲಿ ಹೇಳಬೇಕು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಸೀರೆಯುಟ್ಟು ಚೌಡಿಕೆ ಹಿಡಿದು ಹಾಡುವ ಇವರಲ್ಲಿ ಹೆಚ್ಚಿನವರ ಗಂಟಲು ಹರೆಯದಲ್ಲಿ ಗಂಡಸಿನಂತೆಯೇ ಬೆಳೆದಿರುತ್ತದೆ. ಒಮ್ಮೆ ಬೆಳೆದ ಧ್ವನಿಪೆಟ್ಟಿಗೆ ಮತ್ತೆ ಕುಗ್ಗುವುದಿಲ್ಲ, ಯಾವ ಹಾರ್ಮೋನು ಕೊಟ್ಟರೂ. ಒಳಗಿನ ತನ್ನತನಕ್ಕೂ ಬಾಯಿಂದ ಬರುವ ದನಿಗೂ ಹೊಂದದ ನೋವು ಎಂಥದ್ದೆಂದು ಇವರನ್ನು ಕೇಳಬೇಕು. ಅದೇ ದನಿಯಲ್ಲಿ ದೇವಿಯ ಪದ ಹೇಳುತ್ತ, ಕುಣಿಯುತ್ತ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು.

ಇದಕ್ಕೆ ತಿರುವುಮುರುವಾದ ಒಂದು ತೊಂದರೆಯೂ ಇದೆ. ಗಂಟಲು ಪೂರ್ತಿ ಬೆಳೆದಿದೆ, ಮೀಸೆ ಬಂದಿದೆ, ಹುಡುಗ ಹತ್ತೊಂಬತ್ತರವನು, ದನಿ ಮಾತ್ರ ಹತ್ತು ವರ್ಷದ ಮಗುವಿನದು. ವೈದ್ಯರು ಇದನ್ನು ಪ್ಯೂಬರ್‌ಫೋನಿಯಾ ಅನ್ನುತ್ತಾರೆ. ದನಿ ಒಡೆಯುವ ಕಾಲದಲ್ಲಿ ಹೊಸ ದನಿಗೆ ಹೆದರಿಯೋ ನಾಚಿಯೋ ಮಿದುಳು ಹಳೆಯ ಬಿಗಿತವನ್ನೇ ಹಿಡಿದುಕೊಂಡು ಬಿಟ್ಟಿರುತ್ತದೆ. ವಾದ್ಯ ಹೊಸದು, ನುಡಿಸುವ ಕ್ರಮ ಹಳೆಯದು. ಇಂಥ ಹುಡುಗರು ಬಸ್ಸಿನಲ್ಲಿ ಟಿಕೆಟ್ ಕೇಳಲೂ ಹಿಂಜರಿಯುತ್ತಾರೆ, ಫೋನು ಎತ್ತುವುದಿಲ್ಲ, ಕಾಲೇಜು ಬಿಡುತ್ತಾರೆ. ಊರಿನವರು ಇಟ್ಟ ಅಡ್ಡಹೆಸರು ಅಸಲು ಹೆಸರನ್ನೇ ನುಂಗಿರುತ್ತದೆ.

ದೈಹಿಕ ದೋಷ ಯಾವುದೂ ಇಲ್ಲವೆಂದು ತಿಳಿದ ಮೇಲೆ ಇದಕ್ಕೆ ಹೆಚ್ಚಿನವರಲ್ಲಿ ಆಪರೇಷನ್ನು ಬೇಕಾಗುವುದಿಲ್ಲ. ವಾಕ್ ಚಿಕಿತ್ಸಕರು ಕುತ್ತಿಗೆಯ ಗಂಟನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೂ ಕೆಳಕ್ಕೂ ಒತ್ತಿ ಹಿಡಿದು, ಕೆಮ್ಮಲು ಹೇಳುತ್ತಾರೆ. ಕೆಮ್ಮಿನ ಕೊನೆಗೆ ಒಂದು ದಪ್ಪ ದನಿ ಹೊರಡುತ್ತದೆ. ಅದನ್ನೇ ‘ಮ್’ ಎಂದು ಎಳೆಯಲು ಹೇಳುತ್ತಾರೆ, ಆಮೇಲೆ ‘ಮಾ’, ಆಮೇಲೆ ಅಂಕಿಗಳು, ವಾರದ ಹೆಸರು, ಸಣ್ಣ ವಾಕ್ಯ. ಬಹಳ ಮಂದಿಗೆ ಮೊದಲ ಕೆಲವು ಭೇಟಿಗಳಲ್ಲೇ ಹೊಸ ದನಿ ಸಿಕ್ಕಿಬಿಡುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆ ದೇಶದಲ್ಲೇ ಹೆಸರಾದದ್ದು. ಅಷ್ಟು ದೂರ ಹೋಗುವ ಮೊದಲು ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ತೋರಿಸಬಹುದು. ಮೈ ಬೆಳವಣಿಗೆಯ ಬೇರೆ ಅನುಮಾನಗಳಿಗೆ ಹದಿಹರೆಯದವರಿಗಾಗಿಯೇ ಸರಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್‌ಗಳಿವೆ. ಹದಿನಾಲ್ಕು ದಾಟಿದರೂ ಹುಡುಗನಲ್ಲಿ ಹರೆಯದ ಯಾವ ಗುರುತೂ ಇಲ್ಲದಿದ್ದರೆ, ಹದಿಮೂರಾದರೂ ಹುಡುಗಿಯ ಎದೆ ಮೂಡದಿದ್ದರೆ, ಯಾರದೇ ದನಿ ಮೂರು ವಾರಕ್ಕೂ ಹೆಚ್ಚು ಗೊಗ್ಗರಾಗಿದ್ದರೆ ತೋರಿಸಲು ತಡಮಾಡಬಾರದು.

ಹೊಸ ದನಿ ಸಿಕ್ಕ ಹುಡುಗನ ಮುಂದಿನ ಕಷ್ಟ ಮನೆಯಲ್ಲಿದೆ. ಚಿಕಿತ್ಸೆಯ ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡಿದವನು ಅಂಗಳ ಹೊಕ್ಕ ಕೂಡಲೇ ಹಳೆಯ ಕೀರಲಿಗೆ ಮರಳುವುದುಂಟು, ಯಾಕೆಂದರೆ ಅಲ್ಲಿಯವರ ಕಿವಿಗೆ ರೂಢಿಯಾದ ದನಿ ಅದೇ. ಅದಕ್ಕಾಗಿ ಚಿಕಿತ್ಸಕರು ಅವ್ವ, ಅಪ್ಪ, ಅಣ್ಣತಮ್ಮಂದಿರನ್ನೂ ಕರೆಸಿ ಕೂರಿಸುತ್ತಾರೆ. ಅವರ ಎದುರಿಗೇ ಹುಡುಗನಿಂದ ಪೇಪರು ಓದಿಸುತ್ತಾರೆ, ಅಲ್ಲಿಂದಲೇ ಸೋದರಮಾವನಿಗೆ ಫೋನು ಮಾಡಿಸುತ್ತಾರೆ. ಮನೆಗೆ ಹೋದ ಮೇಲೆ ಯಾರೂ ಆ ದನಿಯನ್ನು ಅಣಕಿಸಬಾರದು, ಹೊಗಳಿ ಹೊಗಳಿ ನಾಚಿಸಲೂ ಬಾರದು, ಮಾಮೂಲಿನಂತೆ ಮಾತಾಡಿಸುತ್ತ ಹೋಗಬೇಕು ಎಂದು ಮನೆಯವರಿಗೆ ಬಿಡಿಸಿ ಹೇಳುತ್ತಾರೆ.